ಮೊಣಕಾಲಿನ ಸವಕಳಿಯೂ ವ್ಯಾಯಾಮದ ಲೆಕ್ಕವೂ

ಈ ಸ್ಮರಣ ಸಂಚಿಕೆಗೆ ಆರೋಗ್ಯವನ್ನು ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ನಮ್ಮ ಸಂಘದ ಕಾರ್ಯದರ್ಶಿಗಳು ಕೇಳಿದಾಗ, ನಾನು ವೈದ್ಯನಲ್ಲವೆಂದೂ, ರಾಯಚೂರಿನಲ್ಲಿ ಬಿ.ಕಾಂ. ಓದಿ ಇಪ್ಪತ್ತು ವರ್ಷಗಳಿಂದ ಬ್ಯಾಂಕಿನಲ್ಲಿ ಜಮಾ-ಖರ್ಚು ನೋಡಿಕೊಂಡಿರುವವನೆಂದೂ ಹೇಳಿ ತಪ್ಪಿಸಿಕೊಳ್ಳಲು ಯತ್ನಿಸಿದೆ. ಅವರು ಬಿಡಲಿಲ್ಲ. "ವೈದ್ಯರ ಲೇಖನ ಪ್ರತಿವರ್ಷವೂ ಇದ್ದೇ ಇದೆ. ನೀವು ನಿಮ್ಮ ತಾಯಿಯವರ ಮೊಣಕಾಲಿನ ವಿಚಾರ ಬರೆಯಿರಿ, ಸಾಕು" ಎಂದರು. ಆ ಮಾತಿಗೆ ಕಾರಣವಾದ ಪ್ರಸಂಗವನ್ನು ನಮ್ಮ ಸದಸ್ಯರಲ್ಲಿ ಹಲವರು ಕಣ್ಣಾರೆ ಕಂಡಿದ್ದಾರೆ.

ಎರಡು ವರ್ಷಗಳ ಹಿಂದೆ ನಮ್ಮ ರಾಜ್ಯೋತ್ಸವದ ದಿನ ನಾಡಗೀತೆ ಆರಂಭವಾದೊಡನೆ ಇಡೀ ಸಭೆ ಎದ್ದು ನಿಂತಿತು. ನನ್ನ ತಾಯಿಯವರು ಮಾತ್ರ ಕುರ್ಚಿಯ ಎರಡೂ ಕೈಗಳನ್ನು ಹಿಡಿದು ಎರಡು ಸಲ ಯತ್ನಿಸಿ, ಏಳಲಾರದೆ ಕುಳಿತುಬಿಟ್ಟರು. ನಾನೂ ನನ್ನ ಪತ್ನಿಯೂ ತೋಳು ಹಿಡಿದು ಎಬ್ಬಿಸುವಷ್ಟರಲ್ಲಿ ಗೀತೆ ಮುಗಿಯುತ್ತ ಬಂದಿತ್ತು. ಮನೆಗೆ ಹಿಂದಿರುಗುವಾಗ ಅವರು ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು: "ಮುಂದಿನ ವರ್ಷ ನನ್ನ ಕರಕೊಂಡು ಬರಬ್ಯಾಡಪಾ."

ತಂದೆಯವರು ತೀರಿಕೊಂಡ ಮೇಲೆ ತಾಯಿಯವರನ್ನು ನಾವು ಹೈದರಾಬಾದಿಗೆ ಕರೆತಂದೆವು. ರಾಯಚೂರಿನ ಮನೆಯಲ್ಲಿ ಅವರು ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುತ್ತಿದ್ದರು. ಒಣಗಲು ಹಾಕಿದ್ದನ್ನು ತರಲು ದಿನಕ್ಕೆ ಹಲವು ಬಾರಿ ಮಾಳಿಗೆ ಹತ್ತಿ ಇಳಿಯುತ್ತಿದ್ದರು. ಇಲ್ಲಿ ಕೂಕಟಪಲ್ಲಿಯ ಫ್ಲಾಟಿನಲ್ಲಿ ಲಿಫ್ಟ್ ಇದೆ, ಸೋಫಾ ಇದೆ, ಕೆಲಸಕ್ಕೆ ಬರುವಾಕೆಯೂ ಇದ್ದಾಳೆ. ಮೊಣಕಾಲು ನೋಯುತ್ತದೆಂದಾಗ ಎಕ್ಸ್‌ರೇ ತೆಗೆಸಿದೆವು. "ಸವೆದಿದೆ" ಎಂಬ ಒಂದು ಪದವನ್ನು ಮನೆಗೆ ಹೊತ್ತು ತಂದೆವು. ಅಂದಿನಿಂದ ಪೊರಕೆ ಕಸಿದುಕೊಂಡೆವು, ನೀರಿನ ಲೋಟವನ್ನು ಕೈಗೇ ಕೊಡತೊಡಗಿದೆವು, "ನೀವು ಏಳಬೇಡಿರಿ" ಎಂಬುದು ಮನೆಯ ಮಂತ್ರವಾಯಿತು. ಇದನ್ನು ನಾವು ಸೇವೆಯೆಂದೇ ತಿಳಿದಿದ್ದೆವು. ಹದಿನಾಲ್ಕು ತಿಂಗಳ ಈ ಸೇವೆಯ ಫಲವೇ ಆ ಸಭೆಯಲ್ಲಿ ಕಂಡದ್ದು.

ಲೆಕ್ಕಶಾಸ್ತ್ರ ಓದಿದವರಿಗೆಲ್ಲ ಸವಕಳಿ ಎಂಬ ಶಬ್ದ ಪರಿಚಿತ. ಯಂತ್ರವನ್ನು ಬಳಸಿದಷ್ಟೂ ಅದು ಸವೆಯುತ್ತದೆ. ಅದರ ಬೆಲೆಯನ್ನು ವರ್ಷವರ್ಷವೂ ಇಳಿಸುತ್ತ ಬರಬೇಕು. ಮೊಣಕಾಲನ್ನೂ ಹೀಗೆಯೇ ಒಂದು ಯಂತ್ರದ ಬಿಡಿಭಾಗವೆಂದು ಎಣಿಸಿ, ಬಳಸದೆ ಇಟ್ಟರೆ ಉಳಿಯುತ್ತದೆಂದು ನಾನು ಲೆಕ್ಕ ಹಾಕಿದ್ದೆ. ಆದರೆ ಜೀವಂತ ದೇಹದ ಲೆಕ್ಕಪುಸ್ತಕವೇ ಬೇರೆ. ಮೂಳೆಗಳ ತುದಿಯಲ್ಲಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಆಹಾರ. ನಡೆಯುವಾಗ ಭಾರ ಬಿದ್ದು ಒತ್ತಿದಾಗ ಹೊರಬಂದು, ಭಾರ ತೆಗೆದಾಗ ಮತ್ತೆ ಒಳಸೇರುವ ಈ ದ್ರವದ ಸಂಚಾರದಿಂದಲೇ ಅದು ಪೋಷಣೆ ಪಡೆಯುತ್ತದೆ. ಕೀಲನ್ನು ಹಿಡಿದು ನಿಲ್ಲಿಸುವ ತೊಡೆಯ ಸ್ನಾಯುವಂತೂ ಕೆಲಸವಿಲ್ಲದಿದ್ದರೆ ವಾರಗಳಲ್ಲೇ ಕೃಶವಾಗುತ್ತದೆ. ಸ್ನಾಯು ಕೃಶವಾದಾಗ ಕೀಲಿನ ನೋವು ಹೆಚ್ಚುತ್ತದೆ, ನೋವು ಹೆಚ್ಚಿದಾಗ ಇನ್ನಷ್ಟು ವಿಶ್ರಾಂತಿ ಕೊಡುತ್ತೇವೆ. ಸಾಲದ ಬಡ್ಡಿ ಕಟ್ಟಲು ಮತ್ತೊಂದು ಸಾಲ ಮಾಡಿದಂತೆ! ಇನ್ನೊಂದು ವಿಷಯವೂ ನನಗೆ ಆಗ ತಿಳಿದಿರಲಿಲ್ಲ: ಎಕ್ಸ್‌ರೇಯಲ್ಲಿ ಕಾಣುವ ಸವಕಳಿಗೂ ರೋಗಿಯ ನೋವಿಗೂ ಯಾವಾಗಲೂ ತಾಳೆಯಾಗುವುದಿಲ್ಲ. ಬಹಳ ಸವೆದ ಮೊಣಕಾಲಿನಲ್ಲಿ ಸುಖವಾಗಿ ನಡೆದಾಡುವವರಿದ್ದಾರೆ.

ಇವೆಲ್ಲವನ್ನೂ ನಮಗೆ ತಿಳಿಹೇಳಿದವರು ತೆಲುಗು ಮಾತೃಭಾಷೆಯ ಒಬ್ಬ ತರುಣ ಫಿಸಿಯೋಥೆರಪಿಸ್ಟ್ ಮಹಿಳೆ. ರಾಯಚೂರಿನವರಿಗೆ ತೆಲುಗು ಬಾರದಿರುವುದುಂಟೆ? ತಾಯಿಯವರಿಗೂ ಅವರಿಗೂ ಮೊದಲ ದಿನವೇ ಸ್ನೇಹವಾಯಿತು. ಆಕೆ ಕೈಗೆ ಗಡಿಯಾರ ತೆಗೆದುಕೊಂಡು, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಮೂವತ್ತು ಸೆಕೆಂಡುಗಳಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂಡಬಲ್ಲಿರಿ ಎಂದು ಪರೀಕ್ಷಿಸಿದರು. ಎಪ್ಪತ್ತು ದಾಟಿದ ಸ್ತ್ರೀಯರು ಹತ್ತು ಸಲವಾದರೂ ಏಳಬೇಕೆಂಬುದು ಈ ಪರೀಕ್ಷೆಯ ಅಂದಾಜು. ತಾಯಿಯವರ ಖಾತೆಯಲ್ಲಿ ಶೂನ್ಯವಿತ್ತು. ಕುರ್ಚಿಯ ಮೇಲೆ ಎರಡು ದಿಂಬುಗಳನ್ನಿಟ್ಟು ಎತ್ತರಿಸಿದಾಗ ನಾಲ್ಕು ಸಲ ಎದ್ದರು. "ಇಲ್ಲಿಂದ ಆರಂಭಿಸೋಣ" ಎಂದು ಆಕೆ ಬರೆದುಕೊಂಡರು. ತಾಯಿಯವರು ನನ್ನತ್ತ ತಿರುಗಿ, "ಈ ವಯಸ್ಸಿನ್ಯಾಗ ನನಗ ಗರಡಿಮನಿ ಕಟ್ಟಿಸ್ತೀಯೇನಪಾ?" ಎಂದರು.

ಅವರ ಪ್ರಶ್ನೆ ವಿನೋದದ್ದಾದರೂ ಅದರಲ್ಲಿ ಸತ್ಯಾಂಶವಿತ್ತು. ಗರಡಿಮನೆಯ ಬಸ್ಕಿಗೂ ಕುರ್ಚಿಯಿಂದ ಏಳುವ ಈ ವ್ಯಾಯಾಮಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಪ್ರಮಾಣದಲ್ಲಿ ಮಾತ್ರ ಭೇದ.

ಪ್ರಮಾಣದ ವಿಚಾರ

ವ್ಯಾಯಾಮವನ್ನು ಔಷಧದಂತೆ ಅಳೆದು ಕೊಡುವ ಪದ್ಧತಿ ಇಂದು ನಿನ್ನೆಯದಲ್ಲ. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ಎಂಬವರು 1813ರಲ್ಲಿಯೇ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ವಿದ್ಯಾಲಯವೊಂದನ್ನು ತೆರೆದು ವೈದ್ಯಕೀಯ ವ್ಯಾಯಾಮವನ್ನು ಕಲಿಸತೊಡಗಿದರು. ನಮ್ಮ ದೇಶದಲ್ಲಿ ಈ ವಿದ್ಯೆಗೆ ದಾರಿಮಾಡಿಕೊಟ್ಟದ್ದು ಪೋಲಿಯೊ ಎಂಬ ಮಹಾಮಾರಿ. 1950ರ ದಶಕದ ಆರಂಭದಲ್ಲಿ ಮುಂಬಯಿಯಲ್ಲಿ ಪೋಲಿಯೊ ಹಾವಳಿಯಾದಾಗ ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೇಶದ ಮೊದಲ ಫಿಸಿಯೋಥೆರಪಿ ಶಾಲೆ ಸ್ಥಾಪಿತವಾಯಿತು. ನಮ್ಮ ಪಂಜಗುಟ್ಟದಲ್ಲಿರುವ ನಿಮ್ಸ್ ಆಸ್ಪತ್ರೆಯೂ ಮೂಲತಃ ನಿಜಾಮರ ಧರ್ಮದತ್ತಿಯ ಹಣದಿಂದ 1960ರ ದಶಕದಲ್ಲಿ ಆರಂಭವಾದ ಮೂಳೆರೋಗಗಳ ಆಸ್ಪತ್ರೆಯೆಂಬುದು ಅದರ ಮುಂದೆ ದಿನವೂ ಹಾದುಹೋಗುವ ಎಷ್ಟೋ ಜನರಿಗೆ ತಿಳಿಯದು.

ಆದರೆ ತಾಯಿಯವರ ಚಿಕಿತ್ಸೆಗೆ ನೇರವಾಗಿ ಸಂಬಂಧಿಸಿದ ವ್ಯಕ್ತಿ ಅಮೆರಿಕದ ವೈದ್ಯ ಥಾಮಸ್ ಡಿಲಾರ್ಮ್. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಸೈನಿಕರು ಶಿಕಾಗೋದ ಸೇನಾ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಚೇತರಿಸಿಕೊಳ್ಳದೆ ಮಲಗಿದ್ದರು. ಹಗುರವಾಗಿ ಕಾಲಾಡಿಸುವ ಅಂದಿನ ರೂಢಿಯನ್ನು ಬಿಟ್ಟು ಡಿಲಾರ್ಮ್ ಅವರು ಸೈನಿಕರಿಂದ ಭಾರವನ್ನೇ ಎತ್ತಿಸಿದರು. 1945ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಅನಂತರ ಅವರು ರೂಪಿಸಿದ ಕ್ರಮ ಬಹಳ ಸರಳ. ಹತ್ತು ಸಲ ಮಾತ್ರ ಎತ್ತಲು ಸಾಧ್ಯವಾಗುವ ಭಾರ ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಅದರ ಅರ್ಧವನ್ನು ಹತ್ತು ಸಲ, ಮುಕ್ಕಾಲನ್ನು ಹತ್ತು ಸಲ, ಪೂರ್ಣ ಭಾರವನ್ನು ಹತ್ತು ಸಲ ಎತ್ತಬೇಕು. ಶಕ್ತಿ ಹೆಚ್ಚಿದಂತೆ ಭಾರವನ್ನೂ ಹೆಚ್ಚಿಸಬೇಕು. ನಮ್ಮ ಸುಶ್ರುತಸಂಹಿತೆಯು ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡತಕ್ಕದ್ದೆಂದು ವಿಧಿಸಿರುವುದನ್ನು ಓದಿದಾಗ, ಪ್ರತಿಯೊಬ್ಬನ ಪ್ರಮಾಣವನ್ನು ಅವನವನ ಬಲದಿಂದಲೇ ಅಳೆಯಬೇಕೆಂಬ ವಿವೇಕ ಪ್ರಾಚೀನರಿಗೂ ಇದ್ದಿತೆಂದು ಸಂತೋಷವಾಗುತ್ತದೆ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅಂಥ ಉತ್ಸಾಹದ ಲೇಖನಗಳು ನಮ್ಮಲ್ಲಿ ಬೇಕಾದಷ್ಟಿವೆ.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿ, ಮೈಸೂರಿನಲ್ಲಿ ಕೃಷ್ಣಮಾಚಾರ್ಯರಲ್ಲಿ ಕಲಿತು, ಪುಣೆಯಲ್ಲಿ ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರ್ಯರು ಬಾಲ್ಯದಲ್ಲಿ ಕ್ಷಯ, ವಿಷಮಶೀತಜ್ವರಗಳಿಂದ ಬಳಲಿದವರು. ಅಶಕ್ತರೂ ಆಸನ ಹಾಕುವಂತಾಗಲೆಂದು ಕುರ್ಚಿ, ಪಟ್ಟಿ, ಮರದ ಇಟ್ಟಿಗೆ, ದಿಂಬುಗಳನ್ನು ಅವರು ಬಳಕೆಗೆ ತಂದರು. ತಾಯಿಯವರ ಕುರ್ಚಿಯ ಮೇಲಿನ ಎರಡು ದಿಂಬುಗಳು ನನಗೆ ಅವರನ್ನೇ ನೆನಪಿಗೆ ತಂದವು. ದಿಂಬು ಇರುವಷ್ಟು ಹೊತ್ತು ಭಾರ ಕಡಿಮೆ. ಒಂದೊಂದಾಗಿ ತೆಗೆದಂತೆ ಭಾರ ಹೆಚ್ಚು.

ಮಲಗಿಕೊಂಡು ಮೊಣಕಾಲಿನ ಕೆಳಗೆ ಸುತ್ತಿದ ಟವೆಲನ್ನಿಟ್ಟು ಅದನ್ನು ಒತ್ತುತ್ತ ಐದು ಎಣಿಸುವುದು. ಕುರ್ಚಿಯಲ್ಲಿ ಕುಳಿತು ಕಾಲನ್ನು ನೀಳವಾಗಿ ಚಾಚಿ ಹಿಡಿಯುವುದು. ಅಡುಗೆ ಕಟ್ಟೆಯನ್ನು ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದು. ಕುರ್ಚಿಯಿಂದ ಎದ್ದು ಕೂಡುವುದು. ತಾಯಿಯವರಿಗೆ ಹೇಳಿದ್ದು ಇಷ್ಟೇ. ಒಂದು ತಿಂಗಳ ಮೇಲೆ ಕಾಲು ಚಾಚುವಾಗ ಕಣಕಾಲಿಗೆ ಅರ್ಧ ಕಿಲೋ ಅಕ್ಕಿಯ ಪುಟ್ಟ ಚೀಲ ಬಂದಿತು. ನೋವಿನ ವಿಷಯದಲ್ಲಿ ಆಕೆ ಕೊಟ್ಟ ಸೂತ್ರ ಬಹಳ ಉಪಯುಕ್ತವಾದುದು. ಮಾಡುವಾಗ ತುಸು ನೋವಾದರೆ ಹೆದರಬೇಕಾಗಿಲ್ಲ. ಆದರೆ ಮರುದಿನ ಬೆಳಿಗ್ಗೆಯೂ ಆ ನೋವು ಹೆಚ್ಚಾಗಿಯೇ ಉಳಿದಿದ್ದರೆ ಹಿಂದಿನ ದಿನದ ಪ್ರಮಾಣ ಅತಿಯಾಯಿತೆಂದು ತಿಳಿದು ಕಡಿಮೆ ಮಾಡಬೇಕು, ಪೂರ್ತಿ ನಿಲ್ಲಿಸಬಾರದು. ಎರಡನೆಯ ವಾರ ಮೊಣಕಾಲು ಊದಿಕೊಂಡಾಗ ಎಲ್ಲವನ್ನೂ ಬಿಟ್ಟುಬಿಡಬೇಕೆಂದಿದ್ದ ನಮ್ಮನ್ನು ಉಳಿಸಿದ್ದು ಈ ಸೂತ್ರವೇ.

ಅದೇ ಮನೆಯಲ್ಲಿ ಇನ್ನೊಬ್ಬ ರೋಗಿ

ತಾಯಿಯವರ ಮೊಣಕಾಲು ದಾರಿಗೆ ಬರುತ್ತಿದ್ದಾಗ ನನ್ನ ಬೆನ್ನು ಕೈಕೊಟ್ಟಿತು. ಮಾರ್ಚ್ ತಿಂಗಳ ಲೆಕ್ಕಮುಕ್ತಾಯದ ಕಾಲದಲ್ಲಿ ದಿನಕ್ಕೆ ಹತ್ತು ಹನ್ನೊಂದು ಗಂಟೆ ಕುಳಿತೇ ಇದ್ದೆ. ಒಂದು ದಿನ ಬೆಳಿಗ್ಗೆ ಬೂಟಿನ ಲೇಸು ಕಟ್ಟಲು ಬಗ್ಗಿದವನಿಗೆ ಸೊಂಟದಿಂದ ಎಡಮೀನಖಂಡದವರೆಗೆ ಮಿಂಚು ಹರಿದಂತಾಯಿತು. ಬೆನ್ನುಮಣಿಗಳ ನಡುವಿನ ಮೆತ್ತೆಯಂತಹ ಡಿಸ್ಕ್ ಹಿಂದಕ್ಕೆ ಉಬ್ಬಿ ನರವನ್ನು ಒತ್ತಿತ್ತು. ಮೊದಲು ನಾನು ಮಾಡಿದ ತಪ್ಪು, ಹಿತೈಷಿಗಳ ಮಾತು ಕೇಳಿ ಮೂರು ವಾರ ಹಾಸಿಗೆ ಹಿಡಿದದ್ದು. ತಾಯಿಯವರ ವಿಷಯದಲ್ಲಿ ಕಲಿತ ಪಾಠ ನನ್ನ ಬೆನ್ನಿಗೆ ಅನ್ವಯಿಸುತ್ತದೆಂದು ನನಗೆ ಹೊಳೆಯಲೇ ಇಲ್ಲ. ಹಿಂದಿನ ಕಾಲದ ವೈದ್ಯರೂ ಬೆನ್ನುನೋವಿಗೆ ಹಾಸಿಗೆಯನ್ನೇ ವಿಧಿಸುತ್ತಿದ್ದರೆನ್ನಿ. 1986ರಲ್ಲಿ ಅಮೆರಿಕದ ರಿಚರ್ಡ್ ಡೇಯೋ ಮತ್ತು ಸಂಗಡಿಗರು, ನರದೌರ್ಬಲ್ಯವಿಲ್ಲದ ಬೆನ್ನುನೋವಿನ 203 ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಹಾಸಿಗೆಯ ವಿಶ್ರಾಂತಿ ಹೇಳಿ ನೋಡಿದರು. ಎರಡು ದಿನದವರು ಕೆಲಸ ತಪ್ಪಿಸಿಕೊಂಡ ದಿನಗಳು ನೂರಕ್ಕೆ 45ರಷ್ಟು ಕಡಿಮೆ. ಉಳಿದ ವಿಷಯಗಳಲ್ಲಿ ಎರಡು ಗುಂಪಿಗೂ ಅಂತರವಿರಲಿಲ್ಲ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಎದ್ದು ಓಡಾಡತೊಡಗಿದ ಮೇಲೆ, ವಾಟ್ಸ್‌ಆ್ಯಪಿನಲ್ಲಿ ಬಂದ "ಬೆನ್ನುನೋವಿಗೆ ರಾಮಬಾಣ"ವೆಂಬ ಚಿತ್ರಮಾಲಿಕೆಯನ್ನು ನೋಡಿ ಪ್ರತಿದಿನ ಬಗ್ಗಿ ಕಾಲ್ಬೆರಳು ಮುಟ್ಟತೊಡಗಿದೆ. ನಾಲ್ಕನೆಯ ದಿನ ಪಾದದವರೆಗೆ ಜೋಮು ಇಳಿಯಿತು. ಅದೇ ಫಿಸಿಯೋಥೆರಪಿಸ್ಟರಲ್ಲಿಗೆ ಹೋದೆ. ಅವರು ನನ್ನನ್ನು ಬೋರಲಾಗಿ ಮಲಗಿಸಿ, ಸ್ವಲ್ಪ ಹೊತ್ತಿನ ಮೇಲೆ ಮೊಣಕೈ ಊರಿ ಎದೆ ಎತ್ತಲು ಹೇಳಿದರು. ಅನಂತರ ಅಂಗೈ ಊರಿ, ಭುಜಂಗಾಸನದಂತೆ. ಹತ್ತು ಹನ್ನೆರಡು ಸಲ ಮಾಡುವಷ್ಟರಲ್ಲಿ ಮೀನಖಂಡದ ನೋವು ಮೇಲೇರಿ ಪೃಷ್ಠಕ್ಕೆ ಬಂದು ನಿಂತಿತು. ಸೊಂಟದಲ್ಲಿ ನೋವು ಹೆಚ್ಚಿತಲ್ಲ ಎಂದು ನಾನು ಗಾಬರಿಯಾದರೆ ಅವರು ನಕ್ಕರು. ಕಾಲಿನ ನೋವು ಬೆನ್ನಿನ ಕಡೆಗೆ ಹಿಮ್ಮೆಟ್ಟುವುದು ಶುಭಲಕ್ಷಣವಂತೆ. ಬೆನ್ನಿನಿಂದ ಕಾಲಿಗೆ ಇಳಿಯುವುದು ಅಪಾಯದ ಸೂಚನೆ.

ಇದನ್ನು ಗುರುತಿಸಿದ ಕಥೆ ಸ್ವಾರಸ್ಯವಾಗಿದೆ. 1956ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್ ನಗರದ ರಾಬಿನ್ ಮೆಕೆಂಜಿ ಎಂಬ ಫಿಸಿಯೋಥೆರಪಿಸ್ಟರ ರೋಗಿಯೊಬ್ಬ, ತಲೆಯ ಭಾಗವನ್ನು ಮೇಲೆತ್ತಿ ಇಟ್ಟಿದ್ದ ಮಂಚದ ಮೇಲೆ ತಿಳಿಯದೆ ಬೋರಲಾಗಿ ಮಲಗಿದ. ಬೆನ್ನು ಹಿಂದಕ್ಕೆ ಬಾಗಿದ ಆ ಸ್ಥಿತಿಯಲ್ಲಿ ಅವನನ್ನು ಕಂಡು ಮೆಕೆಂಜಿ ಹೆದರಿದರು. ಆದರೆ ರೋಗಿ, ವಾರಗಳ ಮೇಲೆ ಈಗ ಕಾಲುನೋವು ಹೋಗಿದೆ ಎಂದ! ಅದಕ್ಕೂ ಮುಂಚೆ, 1937ರಿಂದ, ಪಾಲ್ ವಿಲಿಯಮ್ಸ್ ಎಂಬ ಅಮೆರಿಕದ ವೈದ್ಯರ ಮುಂದೆ ಬಗ್ಗುವ ವ್ಯಾಯಾಮಗಳೇ ಪ್ರಚಾರದಲ್ಲಿದ್ದವು. ಇವೆರಡರಲ್ಲಿ ಯಾವುದು ಸರಿ ಎಂದು ಕೇಳುವುದೇ ತಪ್ಪು. ನಮ್ಮ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರಿಗೆ ಬೆನ್ನುಹುರಿಯ ನಾಳ ಕಿರಿದಾಗಿದೆ. ನಿಂತರೆ, ನಡೆದರೆ ಕಾಲು ಸೋಲುತ್ತದೆ, ಮುಂದಕ್ಕೆ ಬಾಗಿ ಕುಳಿತರೆ ಹಾಯೆನಿಸುತ್ತದೆ. ನನಗೆ ಉಪಕಾರ ಮಾಡಿದ ಭುಜಂಗಾಸನ ಅವರಿಗೆ ಅಪಕಾರಿ. ನನಗೆ ಕೆಡುಕು ಮಾಡಿದ ಬಗ್ಗುವಿಕೆ ಅವರಿಗೆ ಪಥ್ಯ. ಒಬ್ಬರ ಪಾಸ್‌ಬುಕ್ಕಿನಿಂದ ಇನ್ನೊಬ್ಬರು ಹಣ ತೆಗೆಯಲಾಗದು ತಾನೆ?

ಸ್ನಾಯುಗಳನ್ನು ಹಿಗ್ಗಿಸುವ, ಅಂದರೆ ಸ್ಟ್ರೆಚಿಂಗ್ ವ್ಯಾಯಾಮದ ಬಗ್ಗೆಯೂ ಎರಡು ಮಾತು ಹೇಳಬೇಕು. ಗಂಟೆಗಟ್ಟಲೆ ಕುಳಿತಾಗ ತೊಡೆಯ ಹಿಂಭಾಗದ ಮತ್ತು ಸೊಂಟದ ಮುಂಭಾಗದ ಸ್ನಾಯುಗಳು ಬಿಗಿಯುತ್ತವೆ. ಕಾಲಿನ ನೋವು ಪೂರ್ತಿ ಹೋದ ಮೇಲಷ್ಟೇ ನನಗೆ ಇವುಗಳನ್ನು ಹಿಗ್ಗಿಸಲು ಅನುಮತಿ ದೊರೆಯಿತು. ಜಗ್ಗಿ ಜಗ್ಗಿ ಎಳೆಯಬಾರದು. ನಿಧಾನವಾಗಿ ಎಳೆತ ಅನುಭವಕ್ಕೆ ಬರುವವರೆಗೆ ಹೋಗಿ, ನೋವಿನ ಹೊಸ್ತಿಲು ದಾಟದೆ, ಉಸಿರು ಬಿಗಿಹಿಡಿಯದೆ ನಿಲ್ಲಬೇಕು. ಎಷ್ಟು ಹೊತ್ತು? 1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 15, 30, 60 ಸೆಕೆಂಡುಗಳ ಹಿಗ್ಗಿಸುವಿಕೆಯನ್ನು ಹೋಲಿಸಿ ನೋಡಿದಾಗ 30 ಸೆಕೆಂಡು 15ಕ್ಕಿಂತ ಉತ್ತಮವಾಗಿತ್ತು, 60ರಿಂದ ಹೆಚ್ಚಿನ ಲಾಭವಿರಲಿಲ್ಲ. ಬ್ಯಾಂಕಿನವನಾದ ನನಗೆ ಈ ಮಿತವ್ಯಯ ಹಿಡಿಸಿತು. ಹಾಗೆಂದು ಸ್ಟ್ರೆಚಿಂಗನ್ನು ಸರ್ವರೋಗನಿವಾರಿಣಿಯೆಂದು ತಿಳಿಯಬಾರದು. ಅದರಿಂದ ಕೀಲು ಸುಲಭವಾಗಿ ಬಾಗುತ್ತದೆ. ಶಕ್ತಿ ಬರಬೇಕಾದರೆ ಭಾರವೇ ಬೇಕು.

ಕುಳಿತುಕೊಳ್ಳುವ ಬಗೆ

ಶಾಲೆಯಲ್ಲಿ ಮಾಸ್ತರರು "ನೆಟ್ಟಗೆ ಕೂಡು" ಎಂದು ಬೆನ್ನಿಗೊಂದು ಗುದ್ದು ಕೊಡುತ್ತಿದ್ದರು. ಅಂತಹ ಒಂದು ಆದರ್ಶ ಭಂಗಿ ಇದೆಯೆಂದೇ ನಾನು ನಂಬಿದ್ದೆ. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಖೆಮ್ಸನ್ ಅವರು ಡಿಸ್ಕಿನೊಳಕ್ಕೆ ಸೂಜಿ ಇಳಿಸಿ ಒತ್ತಡವನ್ನು ಅಳೆದು, ನಿಂತಾಗಿಗಿಂತ ಕುಳಿತಾಗ, ಅದರಲ್ಲೂ ಮುಂದೆ ಬಾಗಿ ಕುಳಿತಾಗ ಒತ್ತಡ ಹೆಚ್ಚೆಂದರು. 1999ರಲ್ಲಿ ಜರ್ಮನಿಯಲ್ಲಿ ಮತ್ತೆ ಅಳೆದಾಗ, ಮೈ ಸಡಿಲಬಿಟ್ಟು ಕುಳಿತವನ ಡಿಸ್ಕಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚೇನೂ ಇರಲಿಲ್ಲ. ಎಲ್ಲರಿಗೂ ಒಪ್ಪುವ ಏಕೈಕ ಭಂಗಿಯೆಂಬುದಿಲ್ಲ, ಯಾವ ಭಂಗಿಯಲ್ಲಾಗಲಿ ಬಹಳ ಹೊತ್ತು ಅಲುಗದೆ ಇರುವುದೇ ದೋಷ ಎಂಬುದು ಇಂದಿನ ತಜ್ಞರಲ್ಲಿ ಹಲವರ ಅಭಿಪ್ರಾಯ. ಪಾದಗಳು ನೆಲಕ್ಕೆ ತಾಗುವಂತೆ, ಕಂಪ್ಯೂಟರ್ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರುವಂತೆ, ಮೊಣಕೈ ಮೇಜಿನ ಸಮಕ್ಕೆ ಬರುವಂತೆ ಕುರ್ಚಿ ಹೊಂದಿಸಿಕೊಳ್ಳುವುದು ಒಳ್ಳೆಯದೇ. ಅದಕ್ಕಿಂತ ಒಳ್ಳೆಯದು ಅರ್ಧ ಗಂಟೆಗೊಮ್ಮೆ ಏಳುವುದು.

ನಾನು ಸೇರಿದಾಗ ಬ್ಯಾಂಕಿನ ಹಿರಿಯರು ದಪ್ಪ ಲೆಡ್ಜರುಗಳ ಕಾಲವನ್ನು ಶಪಿಸುತ್ತಿದ್ದರು. ಲೆಡ್ಜರ್ ತರಲು ಏಳಬೇಕು, ಸಹಿಗೆ ಮ್ಯಾನೇಜರರ ಕೋಣೆಗೆ ಹೋಗಬೇಕು, ವೋಚರ್ ಹುಡುಕಲು ಏಣಿ ಹತ್ತಬೇಕು. ಈಗ ಅವೆಲ್ಲವೂ ಒಂದು ಗುಂಡಿಯ ದೂರದಲ್ಲಿವೆ. ಶಪಿಸಿದ ಆ ಶ್ರಮವೇ ಅವರ ಬೆನ್ನನ್ನು ಕಾಯುತ್ತಿತ್ತೋ ಏನೋ. ಇದಕ್ಕೆ ಪೋಷಕವಾದ ಒಂದು ಪ್ರಸಿದ್ಧ ಸಂಶೋಧನೆಯಿದೆ. 1953ರಲ್ಲಿ ಜೆರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯನ್ನು ಪರಿಶೀಲಿಸಿ, ದಿನವಿಡೀ ಕುಳಿತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯೆಂದು ತೋರಿಸಿದರು. ನಮ್ಮ ಹೈದರಾಬಾದಿನ ರಸ್ತೆಗಳಲ್ಲಿಯೂ ಡಬಲ್ ಡೆಕ್ಕರುಗಳು ಓಡಿದ ಕಾಲವನ್ನು ಹಳಬರು ಬಲ್ಲರು. 2017ರಲ್ಲಿ ಮೆಟ್ರೋ ರೈಲು ಬಂದ ಮೇಲೆ ನನಗೆ ಕಾರಿನಲ್ಲಿ ಒಂದೂವರೆ ಗಂಟೆ ಕೂಡುವುದು ತಪ್ಪಿತು. ಬೆನ್ನುನೋವಿನ ನಂತರ ನಿಲ್ದಾಣದಲ್ಲಿ ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದೇನೆ. ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂತಹ ಶ್ರಮ, ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ, 65 ದಾಟಿದವರಿಗೆ ಮೂರು ದಿನ ಸಮತೋಲನದ ಅಭ್ಯಾಸ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಇಂದಿರಾ ಪಾರ್ಕಿನಲ್ಲಿ ನಡೆಯುವ ನಮ್ಮ ಮಿತ್ರರು ಮೊದಲನೆಯದನ್ನು ನಿಷ್ಠೆಯಿಂದ ಪಾಲಿಸುತ್ತಾರೆ. ಉಳಿದೆರಡನ್ನು ಕೇಳಿದವರೇ ಕಡಿಮೆ.

ವಾಚಕರು ಒಂದು ಎಚ್ಚರಿಕೆಯನ್ನು ಅಗತ್ಯವಾಗಿ ಗಮನಿಸಬೇಕು. ಬೆನ್ನುನೋವಿನೊಡನೆ ಮಲಮೂತ್ರಗಳ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಪಾದ ಎತ್ತಲಾಗದಂತಾದರೆ ಯಾವ ವ್ಯಾಯಾಮವನ್ನೂ ಯೋಚಿಸದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಿದ್ದ ನಂತರ ಬಂದ ನೋವು, ಜ್ವರದೊಡನೆ ಬಂದ ನೋವು, ಕಾರಣವಿಲ್ಲದೆ ತೂಕ ಇಳಿಯುತ್ತಿರುವಾಗಿನ ನೋವು ಇವನ್ನೂ ಮೊದಲು ವೈದ್ಯರು ನೋಡಬೇಕು. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕುವುದು, ಎಳೆಯುವುದು ಸಲ್ಲದು.

ತಾಯಿಯವರ ಚಿಕಿತ್ಸೆ ಏಳು ತಿಂಗಳು ನಡೆಯಿತು. ಈಗಲೂ ಅವರು ನೆಲದ ಮೇಲೆ ಕೂಡಲಾರರು. ಮೊಣಕಾಲಿನ ಎಕ್ಸ್‌ರೇ ಇಂದು ತೆಗೆದರೂ ಅದೇ ಸವಕಳಿಯನ್ನು ತೋರಿಸೀತು. ಮೂವತ್ತು ಸೆಕೆಂಡುಗಳ ಪರೀಕ್ಷೆಯಲ್ಲಿ ದಿಂಬಿಲ್ಲದೆ ಒಂಬತ್ತು ಸಲ ಎದ್ದರು, ಹತ್ತು ಮುಟ್ಟಲಿಲ್ಲ. ಅವರ ಕುರ್ಚಿ ಅಡುಗೆಮನೆಯ ಬಾಗಿಲ ಬಳಿ ಇದೆ. ಕುಕ್ಕರ್ ಒಂದು ಸೀಟಿ ಹೊಡೆದಾಗ ಎದ್ದು ಕೂಡುವುದು, ಮೂರನೆಯ ಸೀಟಿಗೆ ಒಲೆ ಆರಿಸಲು ತಾವೇ ಹೋಗುವುದು, ಇದು ಅವರೇ ಮಾಡಿಕೊಂಡ ಏರ್ಪಾಡು. ನೀರಿನ ಲೋಟವನ್ನು ನಾವು ಕೈಗೆ ಕೊಡುವುದನ್ನು ನಿಲ್ಲಿಸಿದ್ದೇವೆ. ಮೊದಲು ಸೊಸೆಗೆ ಇದು ಸಂಕಟವೆನಿಸಿತ್ತು.

ಕಳೆದ ನವೆಂಬರಿನ ಸಭೆಗೆ ಅವರನ್ನು ನಾನು ಕರೆಯಲಿಲ್ಲ. ಹಿಂದಿನ ಮಾತು ನೆನಪಿತ್ತು. ಸಂಜೆ ನಾಲ್ಕಕ್ಕೇ ಇಳಕಲ್ ಸೀರೆ ಉಟ್ಟು ಅವರೇ ಬಾಗಿಲಲ್ಲಿ ನಿಂತಿದ್ದರು. ನಾಡಗೀತೆ ಆರಂಭವಾದಾಗ ಕೈಗಳನ್ನು ಎದೆಗೆ ಕಟ್ಟಿಕೊಂಡು, ಫಿಸಿಯೋಥೆರಪಿಸ್ಟರ ಮುಂದೆ ಏಳುವಂತೆಯೇ ಎದ್ದು ನಿಂತರು. ನಾನು ಕುರ್ಚಿಯ ಕೈ ಹಿಡಿದುಕೊಂಡು ನಿಧಾನವಾಗಿ ಎದ್ದೆ. ಅರ್ಧವಾರ್ಷಿಕ ತಪಾಸಣೆಯ ನೆಪದಲ್ಲಿ ಹದಿನೈದು ದಿನಗಳಿಂದ ನನ್ನ ವ್ಯಾಯಾಮ ತಪ್ಪಿತ್ತು. ಅವರು ಅದನ್ನು ಓರೆಗಣ್ಣಿನಿಂದ ನೋಡಿದರು. ಗೀತೆ ಮುಗಿಯುವವರೆಗೆ ಏನೂ ಅನ್ನಲಿಲ್ಲ.